ಹೈಕು ಓದಿ ಎದ್ದು ಹೋಗುವುದಲ್ಲ

ಕಾಸರಗೋಡಿನ ಬದಿಯಡ್ಕದ ಕಡೆ ಮೊನ್ನೆ ಒಂದು ಹೈಕು ಗೋಷ್ಠಿಗೆ ಹೋಗಿದ್ದೆ. ಹೈಕು ಅಂದರೆ ಜಪಾನಿನಿಂದ ಬಂದ ಮೂರು ಸಾಲಿನ ಪುಟ್ಟ ಪದ್ಯ. ಇನ್ನೂ ಸಿಟ್ಟು ಇಳಿದಿಲ್ಲ.

ಕಾಲೇಜು ಹುಡುಗಿಯೊಬ್ಬಳು ಓದಿದಳು:

ಅಂಗಳದ ತುಂಬ ಅಡಿಕೆ
ಅಮ್ಮನ ಕಣ್ಣು
ಮೋಡದ ಮೇಲೆ

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ತಟ್ಟನೆ ಸೇರಿಸಿದರು: "ಟರ್ಪಾಲು ಹಿಡಿದು ಓಡಿ ಬಂದ, ಬೇಲಿಯಾಚೆಯ ಅಣ್ಣ." ಎಷ್ಟು ಚಂದ ಅಲ್ವಾ! ಅಮ್ಮ ಒಬ್ಬಳೇ ಇದ್ದ ಅಂಗಳಕ್ಕೆ ಇನ್ನೊಂದು ಜೀವ ಬಂತು. ನಿರೂಪಕರು "ಮಧ್ಯೆ ಮಾತಾಡಬೇಡಿ" ಅಂದು ಮುಂದಿನ ಹೆಸರು ಕರೆದರು.

ಹೈಕು ಹುಟ್ಟಿದ್ದೇ ಹೀಗೆ ಮಧ್ಯೆ ಮಾತಾಡುವವರಿಂದ! ಜಪಾನಿನಲ್ಲಿ ಒಬ್ಬರು 5-7-5 ಮಾತ್ರೆಯ ಪದ್ಯ ಹೇಳಿದರೆ ಇನ್ನೊಬ್ಬರು 7-7 ಸೇರಿಸುತ್ತಿದ್ದರು. ಮತ್ತೊಬ್ಬರು ಮತ್ತೆ 5-7-5. ಕವಿ ಬಾಶೋ ಮತ್ತು ಅವನ ಶಿಷ್ಯರು ಹೀಗೆ 36 ಪದ್ಯ ಕಟ್ಟುತ್ತಿದ್ದರು. ಮೊದಲ ಪದ್ಯ ಅತಿಥಿಯದು, ಎರಡನೆಯದು ಮನೆಯವರದು. ಆ ಮೊದಲ ಪದ್ಯವನ್ನು ಬಿಡಿಸಿ, ಹೈಕು ಅಂತ ಕರೆದು, ಅದರ ಕಾಲ ಮೇಲೆ ನಿಲ್ಲಿಸಿದವನು ಕವಿ ಮಸಾವೊಕ ಶಿಕಿ, 1890ರ ದಶಕದಲ್ಲಿ. ಅವನೂ ಕೂಟ ಬಿಡಲಿಲ್ಲ. ಕ್ಷಯ ಹಿಡಿದು ಹಾಸಿಗೆಯಲ್ಲಿದ್ದಾಗಲೂ ಗೆಳೆಯರು ಅವನ ಮನೆಯಲ್ಲೇ ಸೇರುತ್ತಿದ್ದರು.

ಆ ಕೂಟಕ್ಕೆ ಕುಕಾಯ್ ಅನ್ನುತ್ತಾರೆ. ಈಗಲೂ ನಡೆಯುತ್ತದೆ. ಚೀಟಿಯಲ್ಲಿ ಹೆಸರಿಲ್ಲದೆ ಬರೆದು ಕೊಡಬೇಕು. ಎಲ್ಲ ಕಲೆಸಿ, ಬೇರೆಯವರ ಕೈಯಲ್ಲಿ ನಕಲು ಮಾಡಿಸುತ್ತಾರೆ. ಅಕ್ಷರ ನೋಡಿ ಗುರುತು ಸಿಗಬಾರದಲ್ಲ! ಪ್ರತಿಯೊಬ್ಬರೂ ತಮಗೆ ಹಿಡಿಸಿದ್ದನ್ನು ಆರಿಸಿ ಓದಬೇಕು. ಬರೆದವರು ಹೆಸರು ಹೇಳುವುದು ಆಮೇಲೆ. ಗುರುವಿನ ಪದ್ಯ ಯಾರ ಕಣ್ಣಿಗೂ ಬೀಳದೆ, ಮೊದಲ ಸಲ ಬಂದವಳದು ಎಲ್ಲರ ಬಾಯಲ್ಲಿರಬಹುದು.

"ಕವಿತೆ ಒಬ್ಬರೇ ಕೂತು ಬರೆಯುವುದು" ಅಂತ ಗೆಳೆಯರೊಬ್ಬರು ವಾದಿಸಿದರು. ಬರೆಯಿರಿ, ಬೇಡ ಅಂದವರು ಯಾರು? ನಾಲ್ಕು ಜನರ ನಡುವೆ ತಂದಿಟ್ಟ ಮೇಲೆ ಅವರ ಮಾತೂ ಕೇಳಬೇಡವೇ? ಯಕ್ಷಗಾನ ಕವಿ, ಕುಂಬಳೆಯ ಪಾರ್ತಿಸುಬ್ಬನ ನೆರೆಯವರು ನಾವು. ತಾಳಮದ್ದಳೆಯಲ್ಲಿ ಎದುರಿನ ಅರ್ಥಧಾರಿಯ ಮಾತು ಕೇಳಿ ಅಲ್ಲೇ ಉತ್ತರ ಕಟ್ಟುವವರನ್ನು ರಾತ್ರಿಯಿಡೀ ನೋಡಿ ಬೆಳೆದವರು. ನಮಗೆ ಇದು ಹೊಸತೇ?

ಮಕ್ಕಳು ಊರು ಬಿಟ್ಟ ಮೇಲೆ ಮನೆಯಲ್ಲಿ ನನ್ನ ಜೊತೆ ಕನ್ನಡ ಮಾತಾಡುವವರಿಲ್ಲ. ನಾನು ಗೋಷ್ಠಿಗೆ ಹೋಗುವುದೇ ಮಾತಿಗೆ ಮಾತು ಸಿಗಲಿ ಅಂತ. ಈ ಗಡಿಯಲ್ಲಿ ಕನ್ನಡಕ್ಕಾಗಿ ಸೇರುವವರೇ ಕಡಿಮೆ. ಸೇರಿದವರನ್ನೂ ಸುಮ್ಮನಿರಿಸಿದರೆ ಹೊಟ್ಟೆ ಉರಿಯುತ್ತದೆ.

ಬರುವ ಭಾನುವಾರ ಮಧ್ಯಾಹ್ನ ನಮ್ಮ ಚಾವಡಿಯಲ್ಲೇ ಕೂರೋಣ. ಚೀಟಿ, ಪೆನ್ನು ಸಾಕು. ಹೈಕುವಿನಲ್ಲಿ ಋತುವಿನ ಸುಳಿವು ಇರಬೇಕು ಅನ್ನುತ್ತಾರೆ. ನಮಗೇನು ಬರವೇ? ಆಟಿ ತಿಂಗಳ ಮಳೆ, ಕೋಲ, ಆಟಗಳು ನಿಲ್ಲುವ ಪತ್ತನಾಜೆ, ತೋಟಕ್ಕೆ ಮದ್ದು ಬಿಡುವ ದಿನ, ಗುಡ್ಡ ಕೊರೆದು ಮಾಡಿದ ಸುರಂಗದಲ್ಲಿ ಬೇಸಿಗೆಗೆ ಸೊರಗುವ ನೀರು. ಬರುವವರು ಶನಿವಾರದೊಳಗೆ ತಿಳಿಸಿ, ಅವಲಕ್ಕಿ ಎಷ್ಟು ಜನಕ್ಕೆ ಕಲಸಬೇಕು ಅಂತ ಗೊತ್ತಾಗಬೇಕು.