ಚಾವಿ ಯಾವತ್ತು ಕೈಗೆ ಬಂತು?

ನನ್ನ ಭಾವ ಕಾರವಾರದ ಕೋಡಿಬಾಗದಲ್ಲಿ ಒಂದು ಹಳೇ ಹಂಚಿನ ಮನೆ ಕೊಂಡರು. 34 ಲಕ್ಷಕ್ಕೆ. 2025ರ ಮಾರ್ಚ್‌ನಲ್ಲಿ ಅಗ್ರಿಮೆಂಟ್ ಆಯ್ತು, ಮೂರು ತಿಂಗಳಲ್ಲಿ ರಿಜಿಸ್ಟರ್ ಅಂತ ಮಾತು. ಆದದ್ದು ಅಕ್ಟೋಬರ್‌ನಲ್ಲಿ.

ಮಾರುವವರು ಒಡಹುಟ್ಟಿದ ನಾಲ್ವರು. ಕಿರಿಯವನು ಮಸ್ಕತ್‌ನಲ್ಲಿ. ಅಪ್ಪನ ಹೆಸರಿನ ಖಾತೆ ಬದಲಾಗಿರಲೇ ಇಲ್ಲ. ಅದು ಸರಿಯಾಗುವ ಹೊತ್ತಿಗೆ ಮಸ್ಕತ್‌ನಿಂದ ಪವರ್ ಆಫ್ ಅಟಾರ್ನಿ, ಅಂದರೆ ಅವನ ಪರವಾಗಿ ಸಹಿ ಹಾಕುವ ಅಧಿಕಾರ ಪತ್ರ, ಬಂತು. ಅದು ಹಿರಿಯಕ್ಕನ ಕಪಾಟಿನಲ್ಲಿ, ಹಳೇ ವಿಮೆ ಪತ್ರಗಳ ನಡುವೆ, ಎರಡೂವರೆ ತಿಂಗಳು ಮಲಗಿತ್ತು. ಹೊರದೇಶದಿಂದ ಬಂದ ಅಂಥ ಪತ್ರಕ್ಕೆ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಸ್ಟಾಂಪ್ ಹಾಕಿಸಬೇಕು. ಹದಿನೈದೇ ದಿನ ಉಳಿದಿದ್ದಾಗ ನೆನಪಾಯ್ತು. ಪುಣ್ಯ.

ಇಷ್ಟರಲ್ಲಿ ಆಗಸ್ಟ್ 31 ಬಂದು ಹೋಯ್ತು. ಅವತ್ತಿನಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ ಶೇ. 2 ಆಗಿದೆ. ಸ್ಟಾಂಪ್ ಡ್ಯೂಟಿ, ಸೆಸ್, ಸರ್‌ಚಾರ್ಜ್ ಸೇರಿ ಶೇ. 5.6, ಅಂದರೆ 1,90,400 ಹೇಗೂ ಇತ್ತು. ಅದರ ಮೇಲೆ 34,000 ಇದ್ದದ್ದು 68,000 ಆಯ್ತು. ಭಾವ ಅರ್ಧರ್ಧ ಹಾಕಿಕೊಳ್ಳೋಣ ಅಂದರು. ಆ ಕಡೆಯವರು ಅಗ್ರಿಮೆಂಟ್ ತೋರಿಸಿದರು: ‘ಖರ್ಚೆಲ್ಲ ಖರೀದಿದಾರರದ್ದು.’ ತಡ ಮಾಡಿದವರು ಯಾರು ಅಂತ ಆ ಸಾಲಿನಲ್ಲಿ ಬರೆದಿಲ್ಲ ನೋಡಿ.

ಅಗ್ರಿಮೆಂಟ್ ದಿನದ ದರವೇ ಹಿಡಿಯಬೇಕಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಹಾಗಿಲ್ಲ. ರಾಜಸ್ಥಾನದ ಒಂದು ಕೇಸಿನಲ್ಲಿ 1983ರ ಕರಾರಿಗೆ ಕೋರ್ಟಿನ ಡಿಕ್ರಿ ಸಿಕ್ಕಿ, ಕ್ರಯಪತ್ರ ಆಗುವಾಗ ವರ್ಷಗಳೇ ಕಳೆದಿದ್ದವು. ಸ್ಟಾಂಪ್ ಡ್ಯೂಟಿ ಕ್ರಯಪತ್ರದ ಕಾಲದ ಬೆಲೆಯ ಮೇಲೇ ಅಂತ 2007ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಂದರೆ ನಡುವೆ ಮಾರ್ಗಸೂಚಿ ಬೆಲೆ (ಆಸ್ತಿಗೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಬೆಲೆ) ಏರಿದರೆ ಅದೂ ಕೊಳ್ಳುವವರ ತಲೆಗೇ. ಕರ್ನಾಟಕದಲ್ಲಿ 2023ರ ಅಕ್ಟೋಬರ್ 1ಕ್ಕೆ ಏರಿದಾಗ ಕರಾರು ಮಾಡಿ ಸುಮ್ನೆ ಕೂತಿದ್ದವರು ಅನುಭವಿಸಿದ್ದಾರೆ.

ಇನ್ನು ಚಾವಿ. ಮಳೆಗಾಲಕ್ಕೆ ಮೊದಲು ಹಂಚು ಬದಲಿಸೋಣ ಅಂತ ಭಾವನಿಗೆ ಅವಸರ. ಮೇ ತಿಂಗಳಲ್ಲಿ ಬಾಂಡ್ ರೈಟರ್ ಹತ್ತಿರ ಕೇಳಿದರು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘ಚಾವಿ ತಗೊಂಡ್ರೆ ಸ್ವಾಧೀನ ಆಯ್ತು ಅಂತ ಲೆಕ್ಕ ಮಾರಾಯ್ರೆ. ಪೂರ್ತಿ ಡ್ಯೂಟಿ ಈಗಲೇ ಕಟ್ತೀರಾ?’ ಅಂದರು. ಸ್ವಾಧೀನ ಕೊಟ್ಟ ಅಗ್ರಿಮೆಂಟಿಗೆ ಕ್ರಯಪತ್ರದಷ್ಟೇ ಡ್ಯೂಟಿ. ಕಟ್ಟದೆ ಸಿಕ್ಕಿಬಿದ್ದರೆ ಬಾಕಿಯ ಹತ್ತು ಪಟ್ಟಿನವರೆಗೂ ದಂಡ. ಭಾವ ಚಾವಿ ಮುಟ್ಟಲಿಲ್ಲ. ಜೂನ್‌ನಲ್ಲಿ ಅಡುಗೆಮನೆಯೊಳಗೆ ಮೊಣಕಾಲಿನವರೆಗೆ ಅಲ್ಲದಿದ್ದರೂ ಪಾದ ಮುಳುಗುವಷ್ಟು ನೀರು.

ಇನ್‌ಕಮ್ ಟ್ಯಾಕ್ಸ್ ಲೆಕ್ಕವಂತೂ ಬೇರೆಯೇ. 50 ಲಕ್ಷ ಮತ್ತು ಮೇಲಿನ ಆಸ್ತಿಗೆ ಶೇ. 1 ಟಿಡಿಎಸ್ (ಮಾರುವವರಿಗೆ ಕೊಡುವ ಹಣದಲ್ಲೇ ಕೊಳ್ಳುವವರು ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕಾದ್ದು ರಿಜಿಸ್ಟರ್ ದಿನವಲ್ಲ, ಮುಂಗಡ ಕೊಡುವಾಗಲೇ. ಮಾರುವವರು ಅನಿವಾಸಿಯಾದರೆ 50 ಲಕ್ಷದ ಮಿತಿಯೂ ಇಲ್ಲ, ದರವೂ ಜಾಸ್ತಿ. ಮಸ್ಕತ್‌ನ ತಮ್ಮನ ಪಾಲಿನ ಮುಂಗಡಕ್ಕೆ ಟಿಡಿಎಸ್ ಹಿಡಿಯದ ಭಾವನಿಗೆ ಇದು ಗೊತ್ತಾದದ್ದು ಆಡಿಟರ್ ಹತ್ತಿರ ಹೋದ ಮೇಲೆ. ಬಡ್ಡಿ ಕಟ್ಟಿದರು.

ನನಗೆ ಸಿಟ್ಟು ಬರುವುದು ಒಂದಕ್ಕೆ. ಮುಂಗಡ ಬ್ಯಾಂಕಿನ ಮೂಲಕ ಹೋಗಿದ್ದರೆ ಕರಾರಿನ ದಿನದ ಮಾರ್ಗಸೂಚಿ ಬೆಲೆಯನ್ನೇ ಇನ್‌ಕಮ್ ಟ್ಯಾಕ್ಸ್‌ನವರು ಒಪ್ಪುತ್ತಾರೆ. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾತ್ರ ಅದೇ ಬ್ಯಾಂಕ್ ಸ್ಟೇಟ್‌ಮೆಂಟಿಗೆ ಬೆಲೆಯಿಲ್ಲ. ಹಣ ಹೋದ ದಾಖಲೆ ಇದ್ದರೆ ಇಲ್ಲೂ ಹಳೇ ದರ ಹಿಡಿಯಲಿ. ಅಲ್ಲಿಯವರೆಗೆ ಅಗ್ರಿಮೆಂಟಿನಲ್ಲಿ ಇನ್ನೊಂದು ಸಾಲು ಬರೆಸಿ: ಇಂಥ ತಾರೀಖು ದಾಟಿದರೆ ಹೆಚ್ಚಾದ ಶುಲ್ಕ ತಡ ಮಾಡಿದವರದ್ದು. ಭಾವನಿಗೆ ಮಾರ್ಚ್‌ನಲ್ಲೇ ಹೇಳಿದ್ದೆ. ‘ಎಲ್ಲ ನಮ್ಮವರೇ, ಚಂದ ಕಾಣೋದಿಲ್ಲ’ ಅಂದಿದ್ದರು.