ಈರುಳ್ಳಿ ಕಡಿಮೆ ಬಿತ್ತು

ನಿನ್ನೆ ಸಂಜೆಯಿಂದ ಮನೆಯಲ್ಲಿ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಇವತ್ತು ಸೋಮವಾರ, ಬ್ಯಾಂಕ್ ಹಾಲಿಡೇ ಬೇರೆ, ಆಫೀಸಿಗೆ ಓಡಿಹೋಗಿ ತಲೆಮರೆಸಿಕೊಳ್ಳೋಣ ಅಂದರೆ ಅದಕ್ಕೂ ದಾರಿಯಿಲ್ಲ. ನನ್ನ ಮೇಲಿರುವ ಆಪಾದನೆ ಇಷ್ಟೇ. ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ನಡೆದ ಫುಟ್‌ಬಾಲ್ ಪ್ಲೇ-ಆಫ್ ಫೈನಲ್‌ನಲ್ಲಿ ನಮ್ಮ ಲೀಡ್ಸ್ ಯುನೈಟೆಡ್ ತಂಡ ಸೌತಾಂಪ್ಟನ್ ಎದುರು 0–1ರಲ್ಲಿ ಸೋಲಲು ನಾನೇ ಕಾರಣ. ಗೋಲು ಬಿದ್ದಾಗ ನಾನು ವೆಂಬ್ಲಿಯಿಂದ ಸುಮಾರು ಇನ್ನೂರು ಮೈಲಿ ದೂರ, ಲೀಡ್ಸ್‌ನ ಒಂದು ಅಂಗಡಿಯಲ್ಲಿ ಈರುಳ್ಳಿ ಹುಡುಕುತ್ತಾ ನಿಂತಿದ್ದೆ. ಅದೇ ನನ್ನ ತಪ್ಪಂತೆ.

ಮಾವ ಬಂದಿದ್ದು ಡಿಸೆಂಬರ್‌ನಲ್ಲಿ, ಆರು ತಿಂಗಳ ವೀಸಾದ ಮೇಲೆ. ಹಾಸನದಲ್ಲಿ ಮೂವತ್ತು ವರ್ಷ ಲೆಕ್ಕದ ಮೇಷ್ಟ್ರಾಗಿದ್ದವರು. ಇಲ್ಲಿ ಚಳಿಗೆ ಹೊರಗೆ ಕಾಲಿಡುವ ಹಾಗಿಲ್ಲ, ನಾಲ್ಕು ಗಂಟೆಗೇ ಕತ್ತಲು, ಪಾಪ ಮಾಡುವುದಾದರೂ ಏನು? ಸುಮ್ನೆ ನನ್ನ ಪಕ್ಕ ಕೂತು ಫುಟ್‌ಬಾಲ್ ನೋಡಲು ಶುರು ಮಾಡಿದರು. ಮೊದಲ ದಿನವೇ ಪ್ರಶ್ನೆ ಬಂತು. "ಇದು ಎರಡನೇ ದರ್ಜೆ ಅಂತೀರಿ, ಹೆಸರು ಮಾತ್ರ ಚಾಂಪಿಯನ್‌ಶಿಪ್. ಯಾರ ಕಿವಿಗೆ ಹೂವು ಇಡೋಕೆ ಈ ಹೆಸರು?" ಇಪ್ಪತ್ತನಾಲ್ಕು ತಂಡ, ತಂಡಕ್ಕೆ 46 ಪಂದ್ಯ, ಮೊದಲ ಎರಡು ತಂಡ ನೇರವಾಗಿ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗಿಗೆ, ಮೂರರಿಂದ ಆರನೆಯವರಿಗೆ ಪ್ಲೇ-ಆಫ್, ಅದರಲ್ಲಿ ಗೆದ್ದ ಒಬ್ಬರೇ ಒಬ್ಬರು ಮೇಲಕ್ಕೆ ಅಂತ ವಿವರಿಸಿದೆ. ಕೇಳಿ "ಸಪ್ಲಿಮೆಂಟರಿ ಪರೀಕ್ಷೆ" ಅಂದರು. ಅಷ್ಟರಲ್ಲಿ ನಾನು ಅವರನ್ನು ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು.

ಹೊಸ ವರ್ಷದ ದಿನ ಲೀಡ್ಸ್ ಬರ್ಮಿಂಗ್‌ಹ್ಯಾಮನ್ನು 3–0ರಲ್ಲಿ ಸೋಲಿಸಿತು. ಆಮೇಲೆ ಲೀಗಿನಲ್ಲಿ ಸೋಲೇ ಇಲ್ಲ. ಜನವರಿ ಹೋಯಿತು, ಫೆಬ್ರವರಿಯೂ ಹೋಗುತ್ತಾ ಬಂತು. ಆಗ ಬಂತು ಆ ಶುಕ್ರವಾರ, ಫೆಬ್ರವರಿ 23. ತವರು ಮೈದಾನ ಎಲ್ಲಂಡ್ ರೋಡಿನಲ್ಲಿ ಲೀಡ್ಸ್ ಎದುರು ಅಗ್ರಸ್ಥಾನದಲ್ಲಿದ್ದ ಲೆಸ್ಟರ್. ಎಂಬತ್ತು ನಿಮಿಷ ಆಗುತ್ತಾ ಬಂದರೂ ಲೀಡ್ಸ್ 0–1ರಲ್ಲಿ ಹಿಂದೆ. ನನಗೆ ಬೇಜಾರು ಹತ್ತಿ ಎದ್ದು ಅಡುಗೆಮನೆಗೆ ಹೋದೆ. ಬೆಳಗ್ಗೆಯ ಉಪ್ಪಿಟ್ಟಿಗಾದರೂ ಆಗಲಿ ಅಂತ ಈರುಳ್ಳಿ ತೆಗೆದು ಹೆಚ್ಚಲು ಶುರು ಮಾಡಿದೆ. ಮೊದಲ ಈರುಳ್ಳಿ ಅರ್ಧ ಆಗಿತ್ತು ನೋಡಿ, ಟಿವಿ ಇದ್ದ ಹಾಲ್‌ನಿಂದ ಕೂಗು. ಗೋಲು! ನಾನು ಚಾಕು ಕೈಯಲ್ಲೇ ಹಿಡಿದು ಓಡಿದೆ. ಬಾಗಿಲಲ್ಲೇ ಮಾವ ಎರಡೂ ಕೈ ಚಾಚಿ ತಡೆದರು.

"ಅಲ್ಲೇ ಇರಿ ಅಳಿಯಂದಿರೇ! ಹೋಗಿ, ಹೆಚ್ಚಿ!"

ಹೋದೆ, ಹೆಚ್ಚಿದೆ. ಮೂರೇ ನಿಮಿಷಕ್ಕೆ ಎರಡನೇ ಗೋಲು. ಕೊನೆಯಲ್ಲಿ ಮೂರನೆಯದು. ಆ ಸೀಸನ್ನಿನ ಅತಿ ಮುಖ್ಯವಾದ ಗೆಲುವು ಅದು. ಟಿವಿಗೆ ತಿಂಗಳು ತಿಂಗಳು ದುಡ್ಡು ಕಟ್ಟುವ ನಾನು ಅದರ ಒಂದು ಗೋಲನ್ನೂ ನೋಡಲಿಲ್ಲ. ಕಣ್ಣಲ್ಲಿ ನೀರು ಧಾರಾಕಾರ. ಅದು ಆನಂದಬಾಷ್ಪ ಅಂದುಕೊಂಡು ಮಾವ ಬೆನ್ನು ತಟ್ಟಿದರು.

ಅವತ್ತಿನಿಂದ ನನಗೆ ಪರ್ಮನೆಂಟ್ ಪೋಸ್ಟಿಂಗ್ ಆಯಿತು. ಆಟ ಶುರುವಾದರೆ ಮಾವ ಸೋಫಾದ ಎಡತುದಿಯಲ್ಲಿ, ಕಂದು ಸ್ವೆಟರ್, ಮಂಕಿ ಕ್ಯಾಪ್. ನನ್ನ ಹೆಂಡತಿ ಕೆಳಗೆ ಚಾಪೆಯ ಮೇಲೆ. ನಾನು ಅಡುಗೆಮನೆಯ ಕಟ್ಟೆ ಮುಂದೆ, ಟಿವಿಗೆ ಬೆನ್ನು ಮಾಡಿ. ಹಡರ್ಸ್‌ಫೀಲ್ಡ್ ಜೊತೆ 1–1 ಡ್ರಾ ಆದಾಗ ವಿಚಾರಣೆ ನಡೆಯಿತು. ಮಧ್ಯದಲ್ಲಿ ನಾನು ಎರಡು ಎಸಳು ಬೆಳ್ಳುಳ್ಳಿ ಸುಲಿದಿದ್ದೆ, ಅದೇ ಕಾರಣ ಅಂತ ತೀರ್ಪಾಯಿತು. ಆಮೇಲೆ ಬರೀ ಈರುಳ್ಳಿ. ಸ್ಟೋಕ್ ಮೇಲೆ ಗೆಲುವು, ಮನೆಯಲ್ಲಿ ಈರುಳ್ಳಿ ದೋಸೆ. ಶೆಫೀಲ್ಡ್ ವೆನ್ಸ್‌ಡೇ ಮೇಲೆ ಗೆಲುವು, ಈರುಳ್ಳಿ ಸಾಂಬಾರ್. ಮಾರ್ಚ್ 17ರ ಭಾನುವಾರವಂತೂ ಕೇಳಲೇಬೇಡಿ, ಲೀಡ್ಸ್ ಮಿಲ್‌ವಾಲ್ ತಂಡವನ್ನು ಸೋಲಿಸಿ ಪಟ್ಟಿಯ ತುದಿಗೆ ಏರಿತು, ಅವತ್ತೇ ಅಲ್ಲಿ ದೆಹಲಿಯಲ್ಲಿ ನಮ್ಮ ಆರ್‌ಸಿಬಿ ಹುಡುಗಿಯರು ಕಪ್ ಎತ್ತಿದರು. ನಾನು ಒಂದೂವರೆ ಕೆಜಿ ಹೆಚ್ಚಿದ್ದೆ. ಮಾವ ಎರಡೂ ಗೆಲುವನ್ನು ಅದೇ ಈರುಳ್ಳಿಯ ಖಾತೆಗೆ ಬರೆದರು. ಸೋಮವಾರ ಆಫೀಸಿನ ಲಿಫ್ಟಿನಲ್ಲಿ ನಾನು ಹತ್ತಿದರೆ ಜನ ಮುಂದಿನ ಫ್ಲೋರಿನಲ್ಲೇ ಇಳಿದುಬಿಡುತ್ತಿದ್ದರು.

"ಮಾವ, ನೀವು ಲೆಕ್ಕದ ಮೇಷ್ಟ್ರು. ಇದರಲ್ಲಿ ಏನಾದರೂ ಲಾಜಿಕ್ ಇದೆಯಾ?" ಅಂತ ಒಂದು ದಿನ ಕೇಳಿಯೇಬಿಟ್ಟೆ.

"ಲೆಕ್ಕದ ಮೇಷ್ಟ್ರು ಅಂತಲೇ ಹೇಳ್ತಿರೋದು. ಹೆಚ್ಚಿದಾಗ ಎಷ್ಟು ಸಲ ಗೆದ್ದರು, ಬರೆದು ನೋಡಿ."

ಬರೆದು ಏನು ನೋಡುವುದು? ಹೊಸ ವರ್ಷದಿಂದ 15 ಪಂದ್ಯ, 13 ಗೆಲುವು, 2 ಡ್ರಾ. ಈರುಳ್ಳಿ ಮುಟ್ಟುವ ಮೊದಲೂ ಇವರು ಗೆಲ್ಲುತ್ತಲೇ ಇದ್ದರಲ್ಲ ಅಂತ ನಾನು ವಾದಿಸಬಹುದಿತ್ತು. ಆದರೆ ಹೆಣ್ಣು ಕೊಟ್ಟವರ ಜೊತೆ ವಾದ ಮಾಡಿ ಗೆದ್ದವರು ಯಾರಿದ್ದಾರೆ ಹೇಳಿ.

ನಡುವೆ ಒಂದೇ ಒಂದು ನೆಮ್ಮದಿ, ಶನಿವಾರ ಮೂರು ಗಂಟೆಯ ಆಟಗಳು. ಶನಿವಾರ ಮಧ್ಯಾಹ್ನ ಆ ಹೊತ್ತಿನ ಪಂದ್ಯಗಳನ್ನು ಇಲ್ಲಿ ಟಿವಿಯಲ್ಲಿ ಲೈವ್ ತೋರಿಸುವ ಹಾಗಿಲ್ಲ, ಜನ ಮನೆಯಲ್ಲೇ ಕೂತು ಸ್ಟೇಡಿಯಂ ಖಾಲಿ ಹೊಡೆಯಬಾರದು ಅಂತ ಹಳೆಯ ಕಟ್ಟಳೆ. ಎಲ್ಲಂಡ್ ರೋಡ್ ನಮ್ಮ ಮನೆಯಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ, ಆದರೂ ಟಿಕೆಟ್ ಸಿಗುವುದಿಲ್ಲ, ಟಿವಿಯಲ್ಲೂ ಬರುವುದಿಲ್ಲ. ರೇಡಿಯೊ ಮಾತ್ರ. ರೇಡಿಯೊ ಮುಂದೆ ಎಲ್ಲರೂ ಸಮಾನರು, ಅಡುಗೆಮನೆಗೂ ಅಷ್ಟೇ ಕೇಳುತ್ತೆ.

ಅಂಥ ಒಂದು ಶನಿವಾರ ಮಾವ ಕಟ್ಟೆ ಹತ್ತಿರ ಬಂದು ನಿಂತರು. 1974ರ ಕಥೆ ಹೇಳಿದರು. ಹದಿನೈದು ವರ್ಷ ಬಿಡದೆ ರಣಜಿ ಗೆದ್ದಿದ್ದ ಬಾಂಬೆಯನ್ನು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಪ್ರಸನ್ನ ಅವರ ಕರ್ನಾಟಕ ತಂಡ ಹೊರಗೆ ಹಾಕಿದ ಸಲ. ಆಗ ಇವರಿಗೆ ಇಪ್ಪತ್ತೆರಡು. ಸ್ಕೋರು ಚೆನ್ನಾಗಿದೆ ಅಂತ ಸುದ್ದಿ ಬಂದ ಹೊತ್ತಿಗೆ ಅವರ ಅಮ್ಮ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರಂತೆ. "ಏಳಬೇಡಮ್ಮ" ಅಂದರಂತೆ ಇವರು. ಆ ತಾಯಿ ಮಗನಿಗೋಸ್ಕರ ಆರಿಸಿದ ಅಕ್ಕಿಯನ್ನೇ ಮತ್ತೆ ಮತ್ತೆ ಆರಿಸುತ್ತಾ ಕೂತರಂತೆ. "ಅವಳಿಗೆ ಕ್ರಿಕೆಟ್ ಅಂದ್ರೆ ಏನು ಅಂತಾನೇ ಗೊತ್ತಿರಲಿಲ್ಲ" ಅಂದರು ಮಾವ. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಈರುಳ್ಳಿ ಘಾಟು ಅವರಿಗೂ ಹತ್ತಿರಬೇಕು. ನಾನು ಇನ್ನೆರಡು ಈರುಳ್ಳಿ ತೆಗೆದುಕೊಂಡೆ.

ಏಪ್ರಿಲ್ ಬಂತು, ಎಲ್ಲಾ ಎಡವಟ್ಟಾಯಿತು. ಕವೆಂಟ್ರಿಯಲ್ಲಿ ಸೋಲು. ಬ್ಲ್ಯಾಕ್‌ಬರ್ನ್ ಕೈಲಿ ತವರಿನಲ್ಲೇ ಸೋಲು. ಅದರ ಮಾಲೀಕರು ಪುಣೆಯ ಕೋಳಿ ಕಂಪನಿಯವರು ಅಂತ ಗೊತ್ತಾದ ಮೇಲೆ ಮಾವನ ಮನಸ್ಸಿಗೆ ಜಾಸ್ತಿ ನೋವಾಯಿತು. ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕೈಲಿ ನಾಲ್ಕು ಗೋಲು ತಿಂದ ರಾತ್ರಿ ನಾನು ಎರಡು ಕೆಜಿ ಹೆಚ್ಚಿದ್ದೆ, ಆದರೆ ಅದು ಬಿಳಿ ಈರುಳ್ಳಿಯಂತೆ, ಲೆಕ್ಕಕ್ಕಿಲ್ಲವಂತೆ. ಕೊನೆಗೆ 90 ಅಂಕ ತೆಗೆದುಕೊಂಡು ಮೂರನೇ ಸ್ಥಾನ. ಸಪ್ಲಿಮೆಂಟರಿಯಲ್ಲಿ ಎದುರಾಳಿ 73 ಅಂಕದ ನಾರ್ವಿಚ್. "ಹದಿನೇಳು ಮಾರ್ಕ್ಸ್ ಕಡಿಮೆ ಇರೋ ಹುಡುಗನ ಜೊತೆ ಮತ್ತೆ ಪರೀಕ್ಷೆನಾ?" ಅಂತ ಮಾವ ಎರಡು ದಿನ ಕುದಿದರು. ಆ ನಾರ್ವಿಚ್ ತಂಡವನ್ನು ಕೆಂಪು ಈರುಳ್ಳಿಯ ಬಲದಿಂದ 4–0ಯಲ್ಲಿ ಸೋಲಿಸಿ ಫೈನಲ್‌ಗೆ ಬಂದೆವು.

ಕಳೆದ ಬುಧವಾರ ಅಹಮದಾಬಾದಿನಲ್ಲಿ ಆರ್‌ಸಿಬಿ ಹೋಯಿತು. ಸತತ ಆರು ಪಂದ್ಯ ಗೆದ್ದು, ಆಸೆ ಹುಟ್ಟಿಸಿ, ರಾಜಸ್ಥಾನದ ಕೈಲಿ ಸೋತು. ಅದು ನಮಗೆ ಅಭ್ಯಾಸವಿದೆ ಬಿಡಿ. ಆದರೆ ಆ ದುಃಖದಲ್ಲಿ ವಾರದ ಸಾಮಾನಿನ ಪಟ್ಟಿ ಬರೆಯುವಾಗ ಒಂದು ಸಾಲು ತಪ್ಪಿಹೋಯಿತು. ನಿನ್ನೆ ಎರಡೂಮುಕ್ಕಾಲಿಗೆ ಡಬ್ಬಿ ತೆಗೆದರೆ ಬರೀ ಸಿಪ್ಪೆ!

"ರೀ, ಈರುಳ್ಳಿ ಇಲ್ಲ" ಅಂದಳು ಹೆಂಡತಿ. ಮನೆಯಲ್ಲಿ ಯಾರೋ ಹೋದ ಸುದ್ದಿ ಹೇಳುವ ದನಿ ಅದು.

ಓಡಿದೆ. ಹತ್ತಿರದ ಅಂಗಡಿಯಲ್ಲಿ ಬುಟ್ಟಿ ಖಾಲಿ. ಇನ್ನೊಂದು ಅಂಗಡಿಯಲ್ಲಿ ಇದ್ದಿದ್ದು ಒಂದೇ, ಹೆಚ್ಚಿ ಫ್ರೀಜ್ ಮಾಡಿದ ಈರುಳ್ಳಿಯ ಪ್ಯಾಕೆಟ್. ಬಿಲ್ಲಿಂಗ್ ಸಾಲಿನಲ್ಲಿ ನಿಂತಿದ್ದಾಗ ಫೋನ್ ಟಿಂಗ್ ಅಂತು. 24ನೇ ನಿಮಿಷ, ಆಡಮ್ ಆರ್ಮ್‌ಸ್ಟ್ರಾಂಗ್, ಸೌತಾಂಪ್ಟನ್ 1. ಮನೆಗೆ ಬಂದರೆ ಮಾವ ಪ್ಯಾಕೆಟ್ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಕನ್ನಡಕ ಏರಿಸಿ ಓದಿದರು.

"ಇದನ್ನ ಬೇರೆ ಯಾರೋ ಹೆಚ್ಚಿದ್ದಾರಲ್ಲ."

"ಮತ್ತೆ ಹೆಚ್ಚುತ್ತೀನಿ ಮಾವ, ಇನ್ನೂ ಸಣ್ಣಗೆ."

ಹೆಚ್ಚಿದೆ. ಮಂಜುಗಡ್ಡೆ ಕಟ್ಟಿದ್ದ ಈರುಳ್ಳಿ ಚೂರುಗಳನ್ನು, ಬೆರಳು ಮರಗಟ್ಟುವ ತನಕ, ನಲವತ್ತೈದು ನಿಮಿಷ. ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ, ಅದನ್ನೂ ಮಾವ ಗಮನಿಸಿದರು. ನಾಲ್ಕೂವರೆಗೆ ರಾಹುಕಾಲ, ಅಷ್ಟರೊಳಗೆ ಒಂದು ಗೋಲು ಬೀಳಬೇಕು ಅಂತ ಅವರ ಲೆಕ್ಕ. ಬೀಳಲಿಲ್ಲ. ಆಮೇಲೆ ಡ್ಯಾನ್ ಜೇಮ್ಸ್ ಹೊಡೆದ ಚೆಂಡು ಗೋಲಿನ ಮೇಲಿನ ಅಡ್ಡಪಟ್ಟಿಗೆ ಠಣ್ ಅಂತ ಬಡಿದು ವಾಪಸ್ ಬಂತು. ಮಾವ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಮಂಕಿ ಕ್ಯಾಪ್ ತೆಗೆದರು.

ಈ ಸೀಸನ್ನಿನಲ್ಲಿ ಸೌತಾಂಪ್ಟನ್ ಕೈಲಿ ಇದು ಮೂರನೇ ಸೋಲು, ಸೆಪ್ಟೆಂಬರ್‌ನಲ್ಲಿ ಸೋತಾಗ ನೀವು ಬಂದೇ ಇರಲಿಲ್ಲ, ಈರುಳ್ಳಿ ಪ್ರಶ್ನೆಯೇ ಇರಲಿಲ್ಲ ಅಂತ ರಾತ್ರಿ ಊಟಕ್ಕೆ ಕೂತಾಗ ನಿಧಾನವಾಗಿ ಹೇಳಿ ನೋಡಿದೆ. ಹೆಂಡತಿ ನನಗೆ ಮೊಸರನ್ನ ಬಡಿಸಿದಳು, ನೆಂಚಿಕೊಳ್ಳಲು ಏನೂ ಇಡಲಿಲ್ಲ.

ಮುಂದಿನ ವಾರ ಮಾವ ವಾಪಸ್ ಹೊರಡುತ್ತಾರೆ. ಇವತ್ತು ಮಧ್ಯಾಹ್ನ ಸೂಟ್‌ಕೇಸಿಗೆ ಕಂದು ಸ್ವೆಟರ್ ಮಡಚಿ ಇಡುತ್ತಿದ್ದರು. ಸೋಫಾದ ಎಡತುದಿ ಗುಂಡಿ ಬಿದ್ದಿದೆ, ಅಲ್ಲಿ ಕೂರಲು ನನಗೂ ಮನಸ್ಸಾಗಲಿಲ್ಲ. ನಿನ್ನೆಯಿಂದ ಮೊದಲ ಸಲ ಅವರಾಗಿಯೇ ಮಾತಾಡಿದರು.

"ಮುಂದಿನ ಸೀಸನ್ ಯಾವಾಗ?"

"ಆಗಸ್ಟ್, ಮಾವ."

"ಇಲ್ಲಿ ಮೂರು ಗಂಟೆ ಅಂದರೆ ನಮ್ಮಲ್ಲಿ ರಾತ್ರಿ ಏಳೂವರೆ ಅಲ್ವಾ? ವಿಡಿಯೋ ಕಾಲ್ ಮಾಡಿ. ಫೋನು ಮಾತ್ರ ಟಿವಿ ಮುಂದೆ ಇಡಬೇಡಿ, ಕಟ್ಟೆ ಮೇಲೆ ಇಡಿ. ನೀವು ಹೆಚ್ಚೋದು ನನಗೆ ಕಾಣಬೇಕು."