ಬೆನ್ನುಮೂಳೆಯ ಕ್ಷಯ: ಆಪರೇಷನ್ ಮೊದಲೇ ಬೇಕೆ?

ಪರ

ಮಾತ್ರೆಯಿಂದ ಕ್ಷಯದ ಕ್ರಿಮಿ ಸಾಯುತ್ತದೆಯೇ ಹೊರತು ಅದು ತಿಂದುಹಾಕಿದ ಮೂಳೆ ಮರಳಿ ಬೆಳೆಯುವುದಿಲ್ಲ. ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ಸವೆದು, ಅಕ್ಕಪಕ್ಕದ ಎರಡು ಮಣಿಗಳ ಮುಂಭಾಗ ಕರಗಿ, ಮೇಲಿನದು ಕೆಳಗಿನದರ ಮೇಲೆ ಮುಂದಕ್ಕೆ ಕುಸಿದಾಗ ಬೆನ್ನು ಗೂನಾಗುತ್ತದೆ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ವಿವರಿಸಿದ್ದು ಈ ಗೂನನ್ನೂ ಅದರ ಜೊತೆ ಕಾಲುಗಳು ಸೋಲುವುದನ್ನೂ. ಹಾಂಗ್‌ಕಾಂಗಿನಲ್ಲಿ ಹಾಡ್ಜ್‌ಸನ್ ಮತ್ತು ಸ್ಟಾಕ್ ಎಂಬ ಶಸ್ತ್ರವೈದ್ಯರು 1950ರ ದಶಕದಲ್ಲಿ ಮುಂಭಾಗದಿಂದ ತೆರೆದು, ಕೊಳೆತ ಮೂಳೆಯನ್ನು ಕೆರೆದು ತೆಗೆದು, ಆ ಜಾಗದಲ್ಲಿ ರೋಗಿಯದೇ ಮೂಳೆಯ ತುಂಡನ್ನು ಕೂರಿಸಿದರು. ಈ ವಿಧಾನದಲ್ಲಿ ಗೂನು ಕಡಿಮೆಯಾಗಿದ್ದುದನ್ನು ನಂತರದ ಹೋಲಿಕೆಗಳೂ ತೋರಿಸಿದವು. ಮಕ್ಕಳ ವಿಷಯದಲ್ಲಂತೂ ಈ ವಾದಕ್ಕೆ ಹೆಚ್ಚು ಬಲವಿದೆ: ರೋಗ ವಾಸಿಯಾದ ಮೇಲೂ ಕೆಲವು ಮಕ್ಕಳಲ್ಲಿ ಬೆಳವಣಿಗೆಯ ಜೊತೆಗೇ ಗೂನೂ ಬೆಳೆಯುತ್ತದೆ, ತಡವಾಗಿ ಅದನ್ನು ನೇರ ಮಾಡಹೊರಟರೆ ಬೆನ್ನುಹುರಿಗೇ ಅಪಾಯ.

ವಿರೋಧ

ಮಕ್ಕಳ ಮಾತನ್ನು ಒಪ್ಪುತ್ತೇನೆ. ಅದನ್ನೇ ಎಲ್ಲರಿಗೂ ಅನ್ವಯಿಸುವುದನ್ನು ಒಪ್ಪಲಾರೆ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಕೊರಿಯಾದಲ್ಲಿ ನಡೆಸಿದ ಅಧ್ಯಯನಗಳಲ್ಲಿ, ಔಷಧದ ಜೊತೆಗೆ ತಿಂಗಳುಗಟ್ಟಲೆ ಹಾಸಿಗೆ ಹಿಡಿದವರಿಗಾಗಲೀ ಪ್ಲಾಸ್ಟರ್ ಕವಚ ತೊಟ್ಟವರಿಗಾಗಲೀ, ಓಡಾಡುತ್ತಲೇ ಔಷಧ ತೆಗೆದುಕೊಂಡವರಿಗಿಂತ ಹೆಚ್ಚಿನ ಲಾಭವೇನೂ ಆಗಲಿಲ್ಲ; ಬಹುಪಾಲು ಜನರಿಗೆ ಔಷಧವೇ ಸಾಕಾಗಿತ್ತು. ವಾರಾಣಸಿಯಲ್ಲಿ ಮೂಳೆ ತಜ್ಞ ಡಾ. ಎಸ್. ಎಂ. ತುಲಿ ಹಾಕಿಕೊಟ್ಟ ನಡುದಾರಿಯೂ ಇದೇ: ಔಷಧ ಎಲ್ಲರಿಗೆ, ಕತ್ತರಿ ಬೇಕಾದವರಿಗೆ ಮಾತ್ರ. ಕಾಲಿನ ಬಲ ದಿನೇದಿನೇ ಇಳಿಯುತ್ತಿದ್ದರೆ, ಮೂತ್ರದ ಹಿಡಿತ ತಪ್ಪಿದರೆ, ಮಣಿಗಳು ನಿಲ್ಲದೆ ಜಾರುತ್ತಿದ್ದರೆ ಕಾಯುವುದು ತಪ್ಪು. ಉಳಿದವರಲ್ಲಿ ಎಂ.ಆರ್.ಐ. ಚಿತ್ರದ ಕೀವಿನ ಗಾತ್ರ ಕಂಡು ಹೆದರಬೇಕಿಲ್ಲ. ಆ ಕೀವು ಔಷಧಕ್ಕೇ ಬಹುಪಾಲು ಒಣಗುತ್ತದೆ. ಮೊದಲು ಸೂಜಿಯಿಂದ ಮಾದರಿ ತೆಗೆದು, ಅದು ಕ್ಷಯವೇ, ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಬಗ್ಗುವ ಕ್ರಿಮಿಯೇ ಎಂದು ಖಚಿತಪಡಿಸಿಕೊಳ್ಳುವುದು ಮುಖ್ಯ.

ಆಪರೇಷನ್ ಆದವರಿಗೂ ಮಾತ್ರೆ ತಪ್ಪಿದ್ದಲ್ಲ. ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತವಾಗಿ ಸಿಗುವ ಔಷಧಿಯನ್ನು ಸಾಮಾನ್ಯವಾಗಿ 2 ತಿಂಗಳು ನಾಲ್ಕು ಬಗೆಯಾಗಿ, ಆಮೇಲೆ 10 ತಿಂಗಳು ಮೂರು ಬಗೆಯಾಗಿ ಪ್ರತಿದಿನ ನುಂಗಬೇಕು. ಮೊದಲ ದಿನವೇ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ಕಂಡು ರಕ್ತವೆಂದು ಗಾಬರಿಯಾಗಿ ಮಾತ್ರೆ ಬಿಟ್ಟರೆ, ಅಥವಾ ಸ್ಕ್ರೂ ಹಾಕಿಸಿಕೊಂಡು ನೋವು ಹೋಯಿತೆಂದು ಅರ್ಧಕ್ಕೇ ನಿಲ್ಲಿಸಿದರೆ, ಎಂಥ ಒಳ್ಳೆಯ ಆಪರೇಷನ್ನೂ ವ್ಯರ್ಥ. ಹಾಗಾಗಿ ಆಪರೇಷನ್ನಿಗೆ ತೋರುವ ಉತ್ಸಾಹದ ಅರ್ಧವನ್ನಾದರೂ ತಪಾಸಣೆಗೆ ತೋರಬೇಕು: ರೋಗಿ ಬಂದಾಗಲೆಲ್ಲ ನಡೆಸಿ ನೋಡಬೇಕು, ಚಪ್ಪಲಿ ಅರಿವಿಲ್ಲದೆ ಕಾಲಿನಿಂದ ಕಳಚಿಹೋಗುತ್ತಿದೆಯೇ ಎಂದು ಕೇಳಬೇಕು, ಹೌದೆಂದರೆ ಅಂದೇ ಶಸ್ತ್ರವೈದ್ಯರ ಬಳಿಗೆ ಕಳುಹಿಸಬೇಕು.